ಮಾದೇಶನ ಅಳತೆಯ ಸ್ಟೆಂಟು

ಸ್ನೇಹಿತರೇ, ಇವತ್ತು ಒಬ್ಬ ಮನುಷ್ಯ ಉಸಿರಾಡುವುದನ್ನು ನೋಡಿ ನನಗೆ ಹೊಟ್ಟೆ ಉರಿಯಿತು.

ಕೌದಳ್ಳಿಯ ಮಾದೇಶ ಮತ್ತು ನಾನು ಎರಡು ವರ್ಷದ ಹಿಂದೆ ಆಸ್ಪತ್ರೆಯ ಒಂದೇ ವಾರ್ಡಿನಲ್ಲಿದ್ದವರು. ವೆಂಟಿಲೇಟರಿನಿಂದ ಬದುಕಿ ಬಂದೆವು, ಆದರೆ ಗಂಟಲಿಗಿಳಿಸಿದ ಅದರ ಕೊಳವೆ ಉಜ್ಜಿ ಇಬ್ಬರ ಶ್ವಾಸನಾಳವೂ ಕಿರಿದಾಯಿತು. ಅದು ಮುಚ್ಚಿಕೊಳ್ಳದಿರಲಿ ಎಂದು ಒಳಗೆ ಸ್ಟೆಂಟ್ ಎಂಬ ಸಣ್ಣ ಕೊಳವೆ ಇಟ್ಟರು. ನನ್ನದು ಆಗಾಗ ಜಾರುತ್ತದೆ, ಶಾಲೆಯಲ್ಲಿ ಪಾಠ ಮಾಡುವಾಗ ಕೆಮ್ಮು ನಿಲ್ಲುವುದಿಲ್ಲ. ಅವನದೂ ಹಾಗೇ ಎಂಬುದೊಂದೇ ನನಗೆ ಸಮಾಧಾನವಾಗಿತ್ತು.

ಇವತ್ತು ಬೆಳಿಗ್ಗೆ ಕೊಳ್ಳೇಗಾಲದ ನಮ್ಮ ಮನೆಗೆ ಬಂದ. ಮಹಡಿಯ ಮೆಟ್ಟಿಲುಗಳನ್ನು ಎಲ್ಲೂ ನಿಲ್ಲದೆ ಹತ್ತಿದ.

"ಮೊದ್ಲಿನ್ ಸ್ಟೆಂಟ್ನ ತಗುದ್ರು ಸಾ. ಸ್ಕ್ಯಾನ್ ಮಾಡಿ, ನನ್ ಗಂಟಲ್ ಅಳ್ತೆಗೇ ಒಸದು ಮಾಡಿ ಆಕವ್ರೆ" ಎಂದ.

"ಎಷ್ಟ್ ಸಲೀಸಾಗಿ ಉಸ್ರಾಡ್ತಾವ್ನೆ ನೋಡಿ" ಎಂದು ನನ್ನ ಹೆಂಡತಿ ಅವನಿಗೆ ಇನ್ನೊಂದು ಲೋಟ ಕಾಫಿ ಕೊಟ್ಟಳು.

"ಹೊಸದ್ರಲ್ಲಿ ಎಲ್ಲಾ ಚೆನ್ನಾಗೇ ಇರ್ತದೆ ಕಣಯ್ಯಾ" ಎಂದೆ. ಮಾತು ಮುಗಿಯುವಷ್ಟರಲ್ಲಿ ನನಗೇ ಕೆಮ್ಮು ಹತ್ತಿತು. ಅವನೇ ಎದ್ದು ಬಂದು ಬೆನ್ನು ನೀವಿದ.

"ನಿಮ್ ಸ್ಕ್ಯಾನ್ ಫೈಲ್ ಕೊಡಿ ಸಾ. ಸೋಮಾರ ನಮ್ ಡಾಕ್ಟ್ರ ತಾವ ಓಯ್ತೀನಿ, ನಿಮ್ಗೂ ಆಯ್ತದಾ ಕೇಳ್ತೀನಿ."

ಬೇಡ ಎಂದೆ. ಅವನು ಗೇಟು ದಾಟುತ್ತಿದ್ದಂತೆ ಹೆಂಡತಿಯ ಕೈಲಿ ಫೈಲು ಕಳಿಸಿದೆ.

ನನಗೂ ಅಳತೆಯದೇ ಸಿಕ್ಕರೆ ಅದು ಮಾದೇಶನದಕ್ಕಿಂತ ಒಂದು ಗುಲಗಂಜಿಯಷ್ಟಾದರೂ ಚೆನ್ನಾಗಿ ಕೂರಲಿ ಎಂದು ಆಗಲೇ ಆಸೆಪಡುತ್ತಿದ್ದೇನೆ.