ಫುಲ್ ಅಂದರೆ ಎಷ್ಟು

ನಿನ್ನೆ ಕೊಪ್ಪಳದಿಂದ ಪಕ್ಕದ ನಮ್ಮ ಭಾಗ್ಯನಗರಕ್ಕೆ ವಾಪಸು ಬರಲು ಟಂಟಂ ಆಟೋ ಹತ್ತಿದೆ. ಹತ್ತಿದೆ ಎನ್ನುವುದು ದೊಡ್ಡ ಮಾತು. ಒಂದು ಕಾಲು ಒಳಗಿತ್ತು, ಇನ್ನೊಂದು ಎಲ್ಲಿತ್ತೋ ನನಗೇ ಗೊತ್ತಿರಲಿಲ್ಲ. ತೊಡೆಯ ಮೇಲೆ ಯಾರದೋ ಮೆಂತ್ಯೆ ಸೊಪ್ಪಿನ ಗಂಟು, ಬೆನ್ನಿಗೆ ಯಾರದೋ ಮೊಣಕೈ. ಡ್ರೈವರ್ ಮಾತ್ರ ರಸ್ತೆಗೆ ಮುಖ ಮಾಡಿ "ಬರ್ರಿ ಬರ್ರಿ, ಖಾಲಿ ಐತಿ" ಎಂದು ಕೂಗುತ್ತಲೇ ಇದ್ದ.

"ತಮ್ಮಾ, ಎಲ್ಲಿ ಖಾಲಿ ಐತೋ? ಫುಲ್ ಆಗೇತಲ್ಲ" ಎಂದೆ.

"ನನ್ನ ಸೀಟಿನ್ಯಾಗ ಇನ್ನ ಅರ್ಧ ಐತಲ್ಲಮ್ಮ. ಅದು ತುಂಬಿದ ಮ್ಯಾಲ ಫುಲ್" ಎಂದ.

ಸೊಪ್ಪಿನ ವಾಸನೆ ಕುಡಿಯುತ್ತಾ ದಾರಿಯುದ್ದಕ್ಕೂ ಆ ಮಾತನ್ನೇ ಮೆಲುಕು ಹಾಕಿದೆ. ಫುಲ್ ಅಂದರೆ ಎಷ್ಟು? ನೀವು ಓದಿದವರು, ನಿಮಗೆ ಗೊತ್ತಿರಬಹುದು. ನಾನು ಅಕ್ಷರ ಕಲಿತದ್ದು ಮಕ್ಕಳಾದ ಮೇಲೆ, ಹೆಂಗಸರ ಸಂಜೆ ಸಾಲಿಯಲ್ಲಿ. ಕೂಡಿಸಿ ಓದುತ್ತೇನೆ, ಕೂಡಿಸಿ ಬರೆಯುತ್ತೇನೆ. ಎರಡೆರಡು ಒತ್ತು ಬಂದರೆ ಅಕ್ಷರದ ಮೇಲೆ ಸಿಟ್ಟು ಬರುತ್ತದೆ. ಇಂಗ್ಲಿಷ್ ಕಲಿಯಲು ಹೋಗಲಿಲ್ಲ, ಅದೇ ಮನೆಗೆ ಬಂತು. ಕರೆಂಟು ಬಂತು, ಗ್ಯಾಸು ಬಂತು, ಫುಲ್ ಬಂತು. ಕರೆಂಟು ಬಂದು ಬಂದು ಹೋಗುತ್ತದೆ. ಫುಲ್ ಬಂದದ್ದು ಹೋಗಲೇ ಇಲ್ಲ.

ಈ ಮಾತಿಗೆ ಮಾನ ಮರ್ಯಾದೆ ಏನೂ ಇಲ್ಲ, ಯಾರ ಜೊತೆಗಾದರೂ ಹೋಗುತ್ತದೆ. ಕುಡಿದು ಬಿದ್ದವನೂ ಫುಲ್, ಪರೀಕ್ಷೆಯಲ್ಲಿ ಎಲ್ಲ ಅಂಕ ತೆಗೆದವಳೂ ಫುಲ್. ಮುಂಗೈ ಮುಚ್ಚುವ ಅಂಗಿ ಫುಲ್ ತೋಳು. ಹುಡುಗರಿಗೆ ಖುಷಿಯಾದರೂ ಫುಲ್, ತಲೆ ಕೆಟ್ಟರೂ ಫುಲ್. ಇನ್ನು ಮುನಿರಾಬಾದಿನಲ್ಲಿ ಡ್ಯಾಮ್ ಫುಲ್ ಆಯಿತೆಂದರೆ ಜಿಲ್ಲೆಗೆಲ್ಲ ಅದೇ ಸುದ್ದಿ. ಗಂಗಾವತಿ ಕಡೆಯವರಿಗೆ ಅದು ಎರಡು ಬೆಳೆ ಭತ್ತ. ನಾನು ಹುಟ್ಟಿದ್ದು ಯಲಬುರ್ಗಿ ಕಡೆಯ ಒಣ ಬೇಸಾಯದ ಊರಲ್ಲಿ. ಅಲ್ಲಿಗೆ ಡ್ಯಾಮ್ ಫುಲ್ ಆದ ಸುದ್ದಿ ಬರುತ್ತಿತ್ತು, ನೀರು ಬರುತ್ತಿರಲಿಲ್ಲ. ನಮ್ಮ ಅಪ್ಪ ಹೇಳುತ್ತಿದ್ದ: "ಅವರ ಡ್ಯಾಮ್ ಫುಲ್ ಆದ್ರ ನಮಗೇನು? ನಮ್ಮ ಹಗೇವು ಫುಲ್ ಆದ್ರ ಬಂದು ಎಬ್ಬಿಸು." ಹಗೇವು ಎಂದರೆ ಜೋಳ ತುಂಬಿಡುವ, ನೆಲದೊಳಗಿನ ಗುಂಡಿ. ಅಪ್ಪನನ್ನು ನಾನು ಹಾಗೆ ಎಬ್ಬಿಸಿದ ನೆನಪಿಲ್ಲ.

ಆ ಮಾತಿಗೂ ನನಗೂ ಗಂಟು ಬಿದ್ದದ್ದು ಖಾನಾವಳಿ ತೆರೆದಾಗ. ಗಂಡ ತೀರಿಕೊಂಡ ಮೇಲೆ ನಾನು ಭಾಗ್ಯನಗರದಲ್ಲಿ ಮನೆಯ ಮುಂದಿನ ಖೋಲಿಯಲ್ಲೇ ಊಟ ಹಾಕಲು ಶುರುಮಾಡಿದೆ. ಬೋರ್ಡು ಬರೆಯುವವನು ಬಣ್ಣದ ಡಬ್ಬಿ ಹಿಡಿದು ಬಂದು ಕೇಳಿದ: "ಊಟ ಅಂತ ಬರೀಲೋ, ಫುಲ್ ಊಟ ಅಂತ ಬರೀಲೋ?"

"ಫುಲ್ ಊಟ ಅಂದ್ರ?"

"ಹೊಟ್ಟಿ ತುಂಬೋತನಕ ಹಾಕೋದ್ರಿ."

"ಹಂಗಾದ್ರ ಬರೇ ಊಟ ಅಂದ್ರ ಹೊಟ್ಟಿ ತುಂಬದಂಗ ಹಾಕೋದೇನು?"

ಅವನು ಬ್ರಷ್ಷಿನ ಹಿಂಬದಿಯಿಂದ ಕಿವಿ ಕೆರೆದುಕೊಂಡ. "ಅಮ್ಮಾರ, ಮಂದಿ ಫುಲ್ ಅನ್ನೋದು ನೋಡಿ ಒಳಗ ಬರ್ತಾರ. ಅಷ್ಟ ನನಗ ಗೊತ್ತು" ಎಂದ. ಸರಿ, ಬರೆ ಎಂದೆ. ಬರೆದ. ಕೆಂಪು ಬಣ್ಣ, ಮೊಳದುದ್ದದ ಅಕ್ಷರ. ಬರೆದ ಮೇಲೆ ಅದು ನನ್ನ ಮಾತಾಯಿತು. ಬಾಯಲ್ಲಿ ಆಡಿದ್ದನ್ನು ಇಲ್ಲ ಎನ್ನಬಹುದು, ಬೋರ್ಡನ್ನು ಇಲ್ಲ ಎನ್ನಲು ಬರುವುದಿಲ್ಲ. ಮತ್ತೆ ನಮ್ಮ ಕಡೆ ಒಂದು ಮಾತಿದೆ, ತಾಟಿನ ಮುಂದೆ ಕೂತವರನ್ನು ಎಬ್ಬಿಸಬಾರದು. ಹೆಣದ ಮುಂದಿನಿಂದ ಬೇಕಾದರೂ ಎಬ್ಬಿಸಬಹುದು, ತಾಟಿನ ಮುಂದಿನಿಂದ ಕೂಡದು. ಕಲ್ಲು ಹೊರುವವರು, ಲಾರಿಯವರು, ಸಾಲಿಯ ಮಾಸ್ತರರು ಬಂದು ಉಂಡಿದ್ದಾರೆ. ಅರ್ಧ ಹೊಟ್ಟೆಯಲ್ಲಿ ಎದ್ದುಹೋದವರಿಲ್ಲ. ಇದನ್ನು ಜಂಬ ಅನ್ನುವವರು ಅನ್ನಲಿ. ಜಂಬವೇ.

ಮಗನಿಗೆ ಹೆಣ್ಣು ನೋಡಿದಾಗ ನಾನೇ ಆರಿಸಿದ್ದು ಸುಜಾತಳನ್ನು. ಗಂಗಾವತಿ ಹತ್ತಿರದ ಒಂದು ಕ್ಯಾಂಪಿನ ಹುಡುಗಿ. ಕಾಲುವೆ ನೀರಿನ ಗದ್ದೆ ಮಾಡಲು ತೆಲುಗು ರೈತರು ಬಂದು ನೆಲೆ ನಿಂತ ಊರುಗಳಿಗೆ ಕ್ಯಾಂಪು ಎನ್ನುತ್ತಾರೆ. ಇವಳ ಹಿರಿಯರು ನಮ್ಮ ಮಂದಿಯೇ, ನಾಟಿ ಕೆಲಸಕ್ಕೆಂದು ಹೋಗಿ ಅಲ್ಲೇ ಉಳಿದವರು. ಒಲೆಯ ಮುಂದೆ ಕನ್ನಡ, ಓಣಿಗೆ ಇಳಿದರೆ ತೆಲುಗು. ನಮ್ಮ ನಾದಿನಿ ಶಾಂತವ್ವ, ನನ್ನ ಗಂಡನ ತಂಗಿ, ಅಡಿಗೆ ಕೆಲಸದಲ್ಲಿ ನನಗೆ ಕೈ ಜೋಡಿಸುವವಳು. ಅವಳಿಗೆ ಈ ಸಂಬಂಧ ಹಿಡಿಸಲಿಲ್ಲ. "ವೈನಿ, ಅನ್ನ ಉಂಡು ಬೆಳದ ಹುಡುಗಿ ಅದು. ರೊಟ್ಟಿ ಬಡಿಯಾಕ ಕುಂತ್ರ ಹಿಟ್ಟು ನಗ್ತೈತಿ ನೋಡು" ಎಂದಿದ್ದಳು. ಹಿಟ್ಟು ನಕ್ಕದ್ದು ನಿಜ. ಮೊದಲ ವಾರ ಸುಜಾತಳ ರೊಟ್ಟಿ ನಾಲ್ಕು ತಾಲೂಕಿನ ನಕಾಶೆಯಂತೆ ಇರುತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಆರಿಸಿದವಳು ನಾನಲ್ಲವೇ.

ಮದುವೆಯಾದ ಹೊಸತರಲ್ಲೇ ಒಂದು ಹುಣ್ಣಿಮೆ ಬಂತು. ಅಂದು ಹುಲಿಗಿಗೆ ಹುಲಿಗೆಮ್ಮನ ದರ್ಶನಕ್ಕೆ ಹೋಗುವ ಮಂದಿ ಭಾಳ. ಬೆಳಿಗ್ಗೆ ನಾನು ಹೊರಗೆ ಕಸ ಹೊಡೆಯುತ್ತಾ ಕೇಳಿದೆ: "ಸುಜಾತಾ, ಡಬ್ಬಿಯೊಳಗ ಅಕ್ಕಿ ಹೆಂಗೈತಿ ನೋಡು."

"ತುಂಬೈತ್ರಿ ಅತ್ತಿ."

ತುಂಬಿದ್ದರೆ ಒಳ್ಳೆಯದಾಯಿತು. ಕೊಪ್ಪಳಕ್ಕೆ ಹೊರಟಿದ್ದ ಮಗನಿಗೆ ಅಕ್ಕಿ ಬೇಡ ಎಂದೆ. ಅವಳು ಆಗಲೇ ತೊಳೆದಿಟ್ಟಿದ್ದ ಅಕ್ಕಿಯ ಅನ್ನವನ್ನು ಮಧ್ಯಾಹ್ನದ ಗಿರಾಕಿಗಳೆಲ್ಲ ಉಂಡು ಹೋದರು. ಹೊತ್ತು ಬಾಗಿದ ಮೇಲೆ ಒಂದು ಟೆಂಪೋ ಬಂದು ನಿಂತಿತು. ಕುಷ್ಟಗಿ ಕಡೆಯ ಮಂದಿ, ಹಣೆಯ ತುಂಬಾ ಭಂಡಾರ, ದರ್ಶನ ಆಗುವ ತನಕ ಉಪವಾಸ ಇದ್ದವರು. ಮುಂದೆ ಕೂತಿದ್ದ ನನ್ನ ವಯಸ್ಸಿನ ಹೆಂಗಸು, ಅವರಿಗೆಲ್ಲ ಹಿರಿಯಳು, ತಲೆ ಹೊರಗೆ ಹಾಕಿ ಕೇಳಿದಳು: "ಊಟ ಐತೇನವಾ? ಇಷ್ಟೂ ಮಂದಿ ಅದೀವಿ. ಆಗದಿದ್ರ ಈಗ ಹೇಳಿಬಿಡು, ಮುಂದ ಹೊಕ್ಕೀವಿ."

ನಾನು ಅಡಿಗೆಮನೆಯ ಕಡೆ ಕೂಗಿದೆ: "ಸುಜಾತಾ, ಅನ್ನ?"

"ತುಂಬೈತ್ರಿ."

"ರೊಟ್ಟಿ?"

"ಅವೂ ತುಂಬ್ಯಾವ್ರಿ ಅತ್ತಿ."

ಎದೆ ಉಬ್ಬಿತು. ಬೋರ್ಡು ತೋರಿಸಿ, "ಏನು ಬರದೀವಿ ಓದ್ರಿ. ಫುಲ್. ಇಳೀರಿ" ಎಂದೆ. ಅವರು ಇಳಿದರು, ಕೈಕಾಲು ತೊಳೆದರು, ಸಾಲಾಗಿ ಕೂತರು. ತಾಟು ಹಾಕಿದೆ. ನೀರಿಟ್ಟೆ. ಒಳಗೆ ಹೋಗಿ ಬೋಗುಣಿಯ ಮುಚ್ಚಳ ತೆಗೆದರೆ ತಳ ಹೊಳೆಯುತ್ತಿತ್ತು. ರೊಟ್ಟಿ ಬುಟ್ಟಿಯಲ್ಲಿ ಬಟ್ಟೆ ಮಾತ್ರ. ಅಕ್ಕಿ ಡಬ್ಬಿಗೆ ಕೈ ಹಾಕಿದೆ, ಉಗುರಿಗೆ ತಗಡು ತಾಗಿತು.

"ಏನಿದು? ತುಂಬೈತಿ ಅಂದೆಲ್ಲ?"

"ತುಂಬೈತಲ್ರಿ ಮತ್ತ" ಎಂದಳು ಸುಜಾತ. ನನ್ನ ಮುಖ ನೋಡಿ ಅವಳಿಗೆ ದಿಗಿಲು. "ಅಡಗಿ ಮನ್ಯಾಗ ಇಲ್ಲ ಅನ್ನಬಾರದಲ್ರಿ ಅತ್ತಿ. ಖಾಲಿ ಅಂದ್ರ ಖಾಲಿನ ಉಳಿತೈತಿ ಅಂತಾಳ ನಮ್ಮವ್ವ. ತೀರಿದ್ರ ತುಂಬೈತಿ ಅಂತೀವಿ."

ನೋಡಿ, ಈ ರೂಢಿ ನನಗೂ ಹೊಸದಲ್ಲ. ಬಳೆ ಒಡೆದರೆ ನಾವು ಒಡೆಯಿತು ಎನ್ನುವುದಿಲ್ಲ, ಹೆಚ್ಚಿತು ಎನ್ನುತ್ತೇವೆ. ದೀಪವನ್ನು ಆರಿಸುವುದಿಲ್ಲ, ಶಾಂತ ಮಾಡುತ್ತೇವೆ. ಆದರೆ ನನ್ನ ತವರಲ್ಲಿ ಕಾಳಿನ ವಿಷಯಕ್ಕೆ ಈ ನಯ ಇರಲಿಲ್ಲ. ಜೋಳ ತೀರಿದರೆ ನಮ್ಮವ್ವ ಅಂಗಳದಲ್ಲಿ ನಿಂತು, ಖಾಲಿ ಆಗೇತಿ ಎಂದು ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು, ಅಪ್ಪನಿಗೆ ನಾಚಿಕೆ ಆಗಲಿ ಎಂದು. ನಾನು ಆ ಒಲೆಯ ಮುಂದೆ ಬೆಳೆದವಳು. ತುಂಬಿದೆ ಎಂದರೆ ತುಂಬಿದೆ ಎಂದೇ ತಿಳಿಯುತ್ತೇನೆ. ತಪ್ಪು ಯಾರದು ಎಂದು ನೀವು ಕೇಳಬಹುದು. ನನ್ನದಂತೂ ಅಲ್ಲ.

ಶಾಂತವ್ವ ಬಾಗಿಲಿಗೆ ಒರಗಿ ನಿಂತಿದ್ದಳು. ಇಂಥ ಹೊತ್ತನ್ನೇ ಕಾಯುತ್ತಿದ್ದಳೇನೋ. "ಆರಿಸಿ ತಂದೆಲ್ಲ ವೈನಿ. ಈಗ ಒಂದೊಂದು ತಾಟಿಗಿ ಒಂದೊಂದು ತುಂಬೈತಿ ಬಡಸು. ಉಂಡು ಹೋಗ್ಲಿ" ಎಂದಳು. ಹೊರಗೆ ತಾಟಿನ ಮೇಲೆ ಯಾರೋ ಬೆರಳು ಬಡಿಯುವ ಸದ್ದು. ಅವರನ್ನು ಎಬ್ಬಿಸಿದರೆ ಸಂಜೆಯೊಳಗೆ ಭಾಗ್ಯನಗರದಲ್ಲೆಲ್ಲ ಮಾತಾಗುತ್ತದೆ. ಫುಲ್ ಎಂದು ಬರೆಸಿದವಳು ಉಪವಾಸದ ಮಂದಿಯನ್ನು ತಾಟಿನ ಮುಂದಿನಿಂದ ಎಬ್ಬಿಸಿದಳು ಎಂದು. ಆ ಮೇಲೆ ಬೋರ್ಡು ಕಿತ್ತು ಒಲೆಗೆ ಹಾಕಬೇಕು. ಅಷ್ಟರ ಮೇಲೂ ಈ ಹುಡುಗಿಗೆ ಬದುಕಿನುದ್ದಕ್ಕೂ ಅದೇ ಹೆಸರು ಉಳಿಯುತ್ತದೆ.

ನಾನು ಬೈಯಲು ಬಾಯಿ ತೆರೆಯುವುದರೊಳಗೆ ಸುಜಾತ ಖಾಲಿ ರೊಟ್ಟಿ ಬುಟ್ಟಿ ಎತ್ತಿ ಕಂಕುಳಿಗೆ ಇಟ್ಟುಕೊಂಡು ಹಿತ್ತಲ ಬಾಗಿಲಿಂದ ಹೊರಟಳು. "ಮಜ್ಜಿಗಿ ಕೊಟ್ಟು ಕುಂದರಸ್ರಿ ಅತ್ತಿ, ಬಂದೆ" ಎಂದದ್ದಷ್ಟೇ. ಹೊಸ ಸೊಸೆ, ಕೈತುಂಬಾ ಹಸಿರು ಬಳೆ, ಓಣಿಯಲ್ಲಿ ಯಾರ ಹೆಸರೂ ಸರಿಯಾಗಿ ಗೊತ್ತಿಲ್ಲ.

ನಾನು ಹೊರಗೆ ಹೋಗಿ ತಾಟಿನ ಅಂಚಿಗೆ ಶೇಂಗಾ ಚಟ್ನಿ ಹಾಕಿದೆ, ಉಳ್ಳಾಗಡ್ಡಿ ಒಡೆದು ಕೊಟ್ಟೆ, ಮಜ್ಜಿಗೆ ಬಡಿಸಿದೆ. ದರ್ಶನ ಹೆಂಗಾಯಿತು, ಹೊಳೆಗೆ ನೀರು ಎಷ್ಟು ಬಂದಿದೆ, ಕುಷ್ಟಗಿ ಕಡೆ ಮಳೆ ಹೇಗೆ ಎಂದು ಕೇಳಿದೆ. ಅವರ ಉತ್ತರ ಒಂದೂ ನನ್ನ ಕಿವಿಗೆ ಬೀಳಲಿಲ್ಲ. ನನ್ನ ಕಿವಿ ಓಣಿಯಲ್ಲಿತ್ತು. ಅಲ್ಲಿಂದ ಮೊದಲು ಅವಳ ಧ್ವನಿ ಬಂತು.

"ಅಕ್ಕಾರ, ನಮ್ಮ ಮನ್ಯಾಗ ರೊಟ್ಟಿ ತುಂಬ್ಯಾವ್ರಿ. ಒಂದೀಟು ಕೊಡ್ರಿ."

"ತುಂಬಿದ್ರ ನೀ ನಮಗ ಕೊಡಬೇಕವಾ. ನಮ್ಮನ್ನ್ಯಾಕ ಕೇಳ್ತಿ?"

"ಭಾಳ ತುಂಬ್ಯಾವ್ರಿ ಅಕ್ಕಾರ. ಒಂದೂ ಕಾಣವಲ್ಲವು."

ನಗು ಕೇಳಿತು. ಒಂದು ಮನೆಯ ನಗು ಪಕ್ಕದ ಮನೆಗೆ ಹೋಯಿತು, ಅಲ್ಲಿಂದ ಎದುರು ಮನೆಗೆ. ಬಾಗಿಲು ತೆರೆಯುವ ಸದ್ದು, ಪಾತ್ರೆಯ ಸದ್ದು. ಆ ಸಂಕಟದಲ್ಲೂ ಅವಳು ಇಲ್ಲ ಎಂಬ ಮಾತನ್ನು ಬಾಯಿಗೆ ತರಲಿಲ್ಲ ನೋಡಿ. ಅಡಿಗೆಮನೆಯ ಹೊರಗೆ ನಿಂತಾಗಲಾದರೂ ತರಬಹುದಿತ್ತು. ನನ್ನ ಮನೆಗೆ ಖಾಲಿ ಎಂಬ ಮಾತು ಅಂಟಬಾರದೆಂದು ಓಣಿಯೆಲ್ಲ ನಗುವಂತೆ ತುಂಬೈತಿ ಎಂದೇ ಬೇಡಿದಳು.

ಮರಳಿ ಬಂದಾಗ ಬುಟ್ಟಿಯಲ್ಲಿ ರೊಟ್ಟಿ ಎದೆಯೆತ್ತರಕ್ಕೆ ಪೇರಿಸಿತ್ತು. ಒಣಗಿದ ಕಟಕ್ ರೊಟ್ಟಿ, ಬಿಸಿ ರೊಟ್ಟಿ, ಸಜ್ಜೆ ರೊಟ್ಟಿ. ಹಿಂದೆಯೇ ಓಣಿಯ ಹೆಂಗಸರು. ಒಬ್ಬಳ ಕೈಯಲ್ಲಿ ಝುಣಕ, ಒಬ್ಬಳ ಕೈಯಲ್ಲಿ ಪುಂಡಿ ಪಲ್ಯ, ಇನ್ನೊಬ್ಬಳು ಗಂಡನಿಗೆಂದು ಮುಚ್ಚಿಟ್ಟಿದ್ದ ಅನ್ನದ ಬೋಗುಣಿಯನ್ನೇ ಎತ್ತಿಕೊಂಡು ಬಂದಿದ್ದಳು. ಬಡಿಸಿದೆವು. ಮತ್ತೆ ಬಡಿಸಿದೆವು. ಸಾಕು ಎಂದು ತಾಟಿನ ಮೇಲೆ ಕೈ ಅಡ್ಡ ಹಿಡಿಯುವ ತನಕ ಬಡಿಸಿದೆವು. ಶಾಂತವ್ವನೂ ಬಡಿಸಿದಳು.

ಹಿರಿಯಳು ಉಂಡು ಎರಡು ರೊಟ್ಟಿ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. "ಒಂದ ಕೈಯಿನ ರೊಟ್ಟಿ ಒಂದ ದಪ್ಪ ಇರ್ತಾವ. ಇವು ಒಂದೊಂದು ಒಂದೊಂದು ಥರ ಅದಾವ. ಎಷ್ಟು ಮನಿ ಒಲಿಯವಾ ಇವು?"

ಮುಚ್ಚಿಟ್ಟು ಏನು ಬಂತು. "ಓಣಿ ಪೂರ್ತಿ" ಎಂದೆ.

ಅವಳು ನಗಲಿಲ್ಲ. ಸುಜಾತಳನ್ನು ಕರೆದು ಮುಂದೆ ನಿಲ್ಲಿಸಿಕೊಂಡಳು. ಹುಲಿಗೆಮ್ಮನಿಗೆ ಏರಿಸಿ ತಂದಿದ್ದ ಕೊಬ್ಬರಿ, ಬಾಳೆಹಣ್ಣು, ಕುಪ್ಪಸದ ಖಣ ಎಲ್ಲ ತೆಗೆದು ಹುಡುಗಿಯ ಸೆರಗು ಹಿಡಿಸಿ ಉಡಿ ತುಂಬಿದಳು. "ಈಗ ನಿನ್ನ ಮಾತು ಖರೆ ಆತು ನೋಡವಾ. ತುಂಬೈತಿ" ಎಂದಳು. ನಾನು ನಾದಿನಿಯ ಕಡೆ ನೋಡಿದೆ. ಅವಳು ಉಡಿಗೆ ಹಾಕಲು ಒಳಗಿನಿಂದ ಒಂದು ಬೆಲ್ಲದ ಅಚ್ಚು ತರುತ್ತಿದ್ದಳು. ನಮ್ಮದೇ ಬೆಲ್ಲ. ಇರಲಿ ಎಂದುಕೊಂಡೆ.

ಮರುದಿನ ಓಣಿಯವರ ಪಾತ್ರೆ ವಾಪಸು ಕೊಡುವಾಗ ಒಂದನ್ನೂ ಬರಿದಾಗಿ ಕಳಿಸಲಿಲ್ಲ, ಅದು ಹೇಳುವ ಮಾತಲ್ಲ. ಆದರೆ ಇನ್ನೊಂದು ಹೇಳಬೇಕು. ಸಂಜೆ ಸಾಲಿಯ ಮೇಡಂ ಒಮ್ಮೆ ನನ್ನ ಬರವಣಿಗೆ ನೋಡಿ, ಮಾತು ಮುಗಿದಲ್ಲಿ ಚುಕ್ಕಿ ಇಡಬೇಕು ಎಂದಿದ್ದರು. ಆ ಚುಕ್ಕಿಗೆ ಇಂಗ್ಲಿಷಿನಲ್ಲಿ ಫುಲ್ ಸ್ಟಾಪ್ ಎನ್ನುತ್ತಾರಂತೆ. ಮುಗಿದದ್ದಕ್ಕೆ ಫುಲ್ ಯಾಕೆ ಎಂದು ಆಗ ಜಗಳ ತೆಗೆದಿದ್ದೆ. ಮುಗಿದರೆ ಖಾಲಿ ಸ್ಟಾಪ್ ಅನ್ನಬೇಕು. ಸುಜಾತ ಬಂದ ಮೇಲೆ ತಿಳಿಯಿತು, ಆ ಇಂಗ್ಲಿಷಿನವರ ಅವ್ವನೂ ಅಡಿಗೆಮನೆಯಲ್ಲಿ ಇಲ್ಲ ಎನ್ನಲು ಬಿಡದವಳೇ ಇರಬೇಕು.

ಈಗ ಖಾನಾವಳಿ ಸುಜಾತಳದು. ರೊಟ್ಟಿ ಬಡಿಯಲು ಇಬ್ಬರು ಹೆಂಗಸರನ್ನು ಇಟ್ಟುಕೊಂಡು ಅವರ ರೊಟ್ಟಿ ಗುಂಡಗಿಲ್ಲ ಎಂದು ಬೈಯುತ್ತಾಳೆ. ನಾನು ಗಿರಾಕಿಗಳಿಗೆ ನೀರು ಕೊಟ್ಟು ಕೂತಿರುತ್ತೇನೆ. ಇವತ್ತು ಮಧ್ಯಾಹ್ನ ಗದ್ದಲದ ಹೊತ್ತಿನಲ್ಲಿ ಒಳಗಿನಿಂದ ಕೇಳಿದಳು, ಸಾರಿನ ಬಕೆಟ್ಟಿನಲ್ಲಿ ಎಷ್ಟು ಉಳಿದಿದೆ ಎಂದು. ಬಗ್ಗಿ ನೋಡಿದೆ. ತಳದಲ್ಲಿ ಸೌಟು ಮಲಗಿತ್ತು. ಎದುರಿಗೆ ಮಂದಿ ಉಣ್ಣಲು ಕೂತಿದ್ದಾರೆ.

"ತುಂಬೈತವಾ" ಎಂದೆ. ಹೇಗೆ ಬಂತೋ ಬಾಯಿಗೆ.

ಅವಳು ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದು ಬಕೆಟ್ಟು ನೋಡಿದಳು, ನನ್ನನ್ನು ನೋಡಿದಳು. "ಖಾಲಿ ಆಗೇತಿ ಅಂತ ನೆಟ್ಟಗ ಹೇಳ್ರಿ ಅತ್ತಿ. ಗಿರಾಕಿ ಕುಂತಾರ" ಎಂದು ಖೋಲಿಗೆಲ್ಲ ಕೇಳುವಂತೆ ಗದರಿ, ಬಕೆಟ್ಟು ಎತ್ತಿಕೊಂಡು ಒಳಗೆ ಹೋದಳು.

ಇಷ್ಟು ನೆಟ್ಟಗೆ, ಮುಖಕ್ಕೆ ಹೊಡೆದಂತೆ ಮಾತಾಡುವುದನ್ನು ಆ ಕ್ಯಾಂಪಿನ ಹುಡುಗಿ ಎಲ್ಲಿ ಕಲಿತಳು ಎಂದು ಉಣ್ಣುತ್ತಿದ್ದ ಹಳೆಯ ಗಿರಾಕಿ ಲಾರಿಯವನೊಬ್ಬ ನಗುತ್ತಾ ಕೇಳಿದ. ನಾನು ಅವನ ಲೋಟಕ್ಕೆ ನೀರು ಹಾಕಿದೆ.

"ನನ್ನ ಸೊಸಿ ಅಕಿ" ಎಂದೆ.