ಅಡ್ಡ ಫ್ಯಾನಿನ ಔತ

ಬೆಳಗಿನ ಐದೂವರೆ. ಕಡಬದಾಚೆ ಕುಮಾರಧಾರೆ ಹೊಳೆ ದಾಟುವ ನೆಕ್ಕರೆ ಕಡವಿನಲ್ಲಿ, ಹಿಂಬದಿಯ ಹಗ್ಗವೊಂದನ್ನೇ ಕಟ್ಟಿ ನಿಲ್ಲಿಸಿದ ಹಳೆಯ ಬೋಟಿನ ಮುಂಭಾಗದ ಹಲಗೆ ಎತ್ತಿ, ಪಂಪು ರಿಪೇರಿಯ ಔತ ಅದರೊಳಗೆ ಬೋರಲು ಮಲಗಿದ್ದಾರೆ. ಅವರ ಬಗ್ಗೆ ಬರೆಯಲು ಬಂದ ನನಗೆ ಹೊರಗೆ ಕಾಣುವುದು ಎರಡು ಕಾಲು ಮಾತ್ರ. "ಒಂದು ಸಲ ಒತ್ತಿ ಕಿಟ್ಟಣ್ಣ" ಎಂದು ಒಳಗಿನಿಂದ ಕೂಗು. ಬೋಟು ನಡೆಸುವ ಕಿಟ್ಟಣ್ಣ ಗುಂಡಿ ಒತ್ತುತ್ತಾರೆ. ಗುರ್ರೆಂದು ಸದ್ದಾಗಿ ಬೋಟಿನ ಮೂತಿ ಒಂದು ಮಾರು ಅಡ್ಡಕ್ಕೆ ಸರಿಯುತ್ತದೆ. "ಇನ್ನೊಂದು ಸಲ." ಸರಿಯುತ್ತದೆ. "ಇನ್ನೊಂದೇ ಒಂದು."

ಕಿಟ್ಟಣ್ಣನ ತಾಳ್ಮೆ ಮುಗಿಯುತ್ತದೆ. "ಎಂತ ಮಾರಾಯ್ರೆ, ನಿನ್ನೆಯೇ ನಲ್ವತ್ತು ಸಲ ನೋಡಿ ಆಗಿದೆ. ಬ್ಯಾಟರಿ ಸತ್ತರೆ ಪಂಚಾಯತಿನವರ ಮುಂದೆ ನಾನು ಈಜಿ ಎಳೆಯುದಾ?"

ಇವತ್ತು ಪಂಚಾಯತಿನವರು ಬರುತ್ತಾರೆ. ಹೊಸ ಮಳೆಯ ಕೆಂಪು ನೀರಿನಲ್ಲಿ, ಪೂರ್ತಿ ಭಾರ ಹಾಕಿ, ದಡದ ಬಂಡೆಗೆ ತಾಗಿಸದೆ ಬೋಟನ್ನು ಮೂರು ಸಲ ನಿಲ್ಲಿಸಿ ತೋರಿಸಬೇಕು. ಆಗದಿದ್ದರೆ ಮಳೆಗಾಲ ಮುಗಿಯುವ ತನಕ ಬೋಟು ಬಂದ್. ಆಚೆ ದಡದವರು ಕಡಬಕ್ಕೆ ಬರಲು ಇಪ್ಪತ್ತಾರು ಕಿಲೋಮೀಟರ್ ಸುತ್ತಬೇಕು. ಆದರೆ ಔತ ಮೂರು ರಾತ್ರಿ ಸರಿಯಾಗಿ ನಿದ್ದೆ ಮಾಡದಿರುವುದು ಪಂಚಾಯತಿನ ಹೆದರಿಕೆಗಲ್ಲ. ಅದಕ್ಕೆ ಕಾರಣ ಲೋಲಾಕ್ಷಿ.

ಲೋಲಾಕ್ಷಿ ಆಚೆ ದಡದವರು, ಬೀಡಿ ಕಟ್ಟುವವರು. ವಾರಕ್ಕೆರಡು ಸಲ ಬೀಡಿ ತೆಗೆದುಕೊಂಡು ಕಡಬಕ್ಕೆ ಬರುತ್ತಿದ್ದರು. ಈ ಕಡವಿನಲ್ಲಿ ಒಂದು ರೂಢಿಯಿತ್ತು. ದಡ ಹತ್ತಿರವಾದಾಗ ನೀರಿನ ಸೆಳೆತಕ್ಕೆ ಮೂತಿ ಬಂಡೆಯತ್ತ ತಿರುಗುತ್ತದೆ. ಆಗ ಮುಂದೆ ಕುಳಿತವರು ಕಾಲು ಚಾಚಿ ಬಂಡೆಯನ್ನು ಒದ್ದು ಬೋಟನ್ನು ದೂರ ತಳ್ಳಬೇಕು. ಯಾರಿಗೂ ಅದು ಅಪಾಯವೆಂದು ಅನಿಸಿರಲೇ ಇಲ್ಲ. ಕಳೆದ ವರ್ಷ, 1982ರ ಜುಲೈಯಲ್ಲಿ, ಕಿಟ್ಟಣ್ಣನಿಗೆ ಜ್ವರವೆಂದು ಔತ ಬೋಟು ನಡೆಸಿದರು. "ಕಾಲು ಕೊಡಿ" ಎಂದು ಕೂಗಿದವರು ಅವರೇ. ಲೋಲಾಕ್ಷಿ ಕಾಲು ಕೊಟ್ಟರು. ಬೋಟಿಗೂ ಬಂಡೆಗೂ ನಡುವೆ ಬಲಪಾದ ಜಜ್ಜಿಹೋಯಿತು. ಪುತ್ತೂರಿನ ಆಸ್ಪತ್ರೆಯಲ್ಲಿ ಎರಡು ತಿಂಗಳು ಇದ್ದು ಬಂದವರು ಈಗ ಕುಂಟುತ್ತಾರೆ. ಮತ್ತೆ ಬೋಟು ಹತ್ತಿಲ್ಲ.

"ಯಾರೂ ನನ್ನನ್ನು ಬೈಲಿಲ್ಲ. ಬೈದಿದ್ರೆ ಒಳ್ಳೇದಿತ್ತು" ಎನ್ನುತ್ತಾರೆ ಔತ.

ನಲವತ್ತನಾಲ್ಕು ವರ್ಷದ ಔತ ಹುಟ್ಟಿದ್ದು ತಿರುವಾಂಕೂರಿನಲ್ಲಿ. ಒಂಬತ್ತನೇ ವಯಸ್ಸಿಗೆ, ರಬ್ಬರ್ ಹಾಕಲು ಹೊರಟ ಅಪ್ಪನ ಜೊತೆ ಕಡಬಕ್ಕೆ ಬಂದರು. ರಬ್ಬರ್ ಅವರಿಗೆ ಒಗ್ಗಲಿಲ್ಲ, ಎಂಜಿನ್ ಒಗ್ಗಿತು. ಇಪ್ಪತ್ತು ವರ್ಷದಿಂದ ಸೈಕಲ್ಲಿನಲ್ಲಿ ಸ್ಪಾನರು ಕಟ್ಟಿಕೊಂಡು ಬೆಳ್ಳಾರೆ, ಪಂಜದ ತನಕ ತೋಟದ ಪಂಪು ರಿಪೇರಿ ಮಾಡುತ್ತಾರೆ. ಬೇಸಿಗೆಯಲ್ಲಿ ದಿನಕ್ಕೆ ಆರೇಳು ಪಂಪು. ಕಡವಿನ ಬೋಟಿನ ಎಂಜಿನನ್ನು ನೋಡಿಕೊಳ್ಳುವುದು ಅದರ ಮೇಲಿನ ಕೆಲಸ.

ಬೋಟಿನದ್ದೂ ಒಂದು ಕಥೆ. ಮಂಗಳೂರಿನ ಯಾರೋ ಸಾಹುಕಾರರು ವಿಹಾರಕ್ಕೆಂದು ಮಾಡಿಸಿದ ಇಪ್ಪತ್ತೆಂಟು ಅಡಿಯ ತೇಗದ ಮೋಟಾರ್ ಯಾಟ್ ಇದು. ಅರಸನ ಕುದುರೆ ಲಾಯದಲ್ಲೇ ಮುಪ್ಪಾಯಿತು ಎಂಬಂತೆ ಬಂದರಿನಲ್ಲಿ ಬಿದ್ದಿತ್ತು. ಎರಡೂ ದಡದವರು ಸೇರಿ ತೆಗೆದುಕೊಂಡು, ಲಾರಿಯಲ್ಲಿ ಹೇರಿ ತಂದರು. ಊರಿನವರಿಗೆ ಅದು 'ದೊರೆ ಬೋಟು'. ದೊರೆಗೆ ಇದ್ದದ್ದು ಹಿಂಬದಿಯಲ್ಲಿ, ನೀರಿನೊಳಗೆ ತಿರುಗಿ ಬೋಟನ್ನು ತಳ್ಳುವ ಒಂದೇ ಫ್ಯಾನು. ವೇಗವಿದ್ದರೆ ಬೋಟು ಚುಕ್ಕಾಣಿಯ ಮಾತು ಕೇಳುತ್ತದೆ. ದಡಕ್ಕೆ ನಿಧಾನ ಮಾಡಿದ ಕೂಡಲೇ ಮೂತಿಯ ಯಜಮಾನಿಕೆ ಹೊಳೆಗೆ ಹೋಗುತ್ತದೆ.

ಕೊಚ್ಚಿಯಲ್ಲಿ ದುರಸ್ತಿಗೆ ಮೇಲೆಳೆದ ಹಡಗೊಂದರ ಮೂತಿಯಲ್ಲಿ ಈ ಕಡೆಯಿಂದ ಆ ಕಡೆಗೆ ಒಂದು ತೂತು, ಅದರ ನಡುವೆ ಫ್ಯಾನು ಇದ್ದದ್ದನ್ನು ಔತ ಹಿಂದೊಮ್ಮೆ ನೋಡಿದ್ದರು. ಅಲ್ಲಿ ಅದನ್ನು ಬೋ ಥ್ರಸ್ಟರ್ ಅನ್ನುತ್ತಾರಂತೆ. ಫ್ಯಾನು ನೀರನ್ನು ಒಂದು ಬದಿಗೆ ತಳ್ಳುತ್ತದೆ, ಮೂತಿ ಇನ್ನೊಂದು ಬದಿಗೆ ಸರಿಯುತ್ತದೆ. ಕಡವಿನವರು ಅದಕ್ಕೆ ಇಟ್ಟ ಹೆಸರು 'ಅಡ್ಡ ಫ್ಯಾನು'.

ಹಡಗು ನೋಡಿದವರು ಹಡಗಿನ ಹಾಗೆಯೇ ಮಾಡಬಹುದಿತ್ತು. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಬೋಟಿಗೆ ತೂತು ಕೊರೆಯುವುದೇಕೆ, ಪಂಪು ಇರುವಾಗ? ಗುಡ್ಡದ ತುದಿಗೆ ನೀರು ಹಾರಿಸುವ ಅತ್ಯಂತ ಜೋರಿನ ಪಂಪನ್ನು ಆರಿಸಿ ತಂದು ಮೂತಿಯಲ್ಲಿ ಕೂರಿಸಿದರು. ಫೆಬ್ರವರಿಯಲ್ಲಿ ಪರೀಕ್ಷೆ. ಸಪೂರದ ಪೈಪಿನಿಂದ ಚಿಮ್ಮಿದ ನೀರು ದಡದಲ್ಲಿ ನಿಂತ ಕಿಟ್ಟಣ್ಣನನ್ನು ಮುಂಡಾಸಿನಿಂದ ಹಿಮ್ಮಡಿಯವರೆಗೆ ತೋಯಿಸಿತು. ಬೋಟು ಮಾತ್ರ ಕದಲಲಿಲ್ಲ.

"ನಾವು ಪಂಪಿನವರು. ನೀರು ಎಷ್ಟು ಎತ್ತರ ಹೋಗ್ತದೆ ಅಂತ ನೋಡುದೇ ಅಭ್ಯಾಸ" ಎಂದು ಔತ ತಲೆ ಕೆರೆದುಕೊಳ್ಳುತ್ತಾರೆ. "ಬೋಟಿಗೆ ಎತ್ತರ ಎಂತಕ್ಕೆ? ತುಂಬಾ ನೀರನ್ನು ಮೆಲ್ಲ ನೂಕಬೇಕು. ಅಷ್ಟು ಗೊತ್ತಾಗ್ಲಿಕ್ಕೆ ನಂಗೆ ಎರಡು ತಿಂಗಳು ಹೋಯ್ತು."

ಪಂಪು ಬಿಟ್ಟು, ಹಡಗಿನ ಹಾಗೆ ತೂತು ಕೊರೆದು ಫ್ಯಾನು ಕೂರಿಸುವುದೆಂದಾಯಿತು. ಆಮೇಲಿನದು ಓಟ. ಮಳೆಗೆ ಒಂದೂವರೆ ತಿಂಗಳಷ್ಟೇ ಉಳಿದಿತ್ತು. ಫ್ಯಾನು ತಿರುಗಿಸಲು ದೊಡ್ಡ ಎಂಜಿನಿನಿಂದಲೇ ಬೆಲ್ಟ್ ಹಾಕಿದರೆ? ಆಗದು, ದಡದ ಹತ್ತಿರ ಎಂಜಿನ್ ನಿಧಾನ ಮಾಡಬೇಕು, ಜೋರು ಬೇಕಾಗುವುದೂ ಅಲ್ಲಿಯೇ. ಕೊನೆಗೆ ಹಳೆಯ ಲಾರಿಯ ಸ್ಟಾರ್ಟರ್ ಮೋಟರು, ಎರಡು ಬ್ಯಾಟರಿ ಎಂದು ತೀರ್ಮಾನವಾಯಿತು. ಎರಡು ದಡದಲ್ಲಿ ಸೆಳೆತ ಬರುವುದು ಬೇರೆ ಬೇರೆ ಬದಿಯಿಂದ, ಹಾಗಾಗಿ ಮೋಟರು ಎರಡೂ ಕಡೆಗೆ ತಿರುಗಬೇಕು. ಅದರ ತಂತಿಯನ್ನು ಹೊಸದಾಗಿ ಸುತ್ತಿಕೊಟ್ಟವರು ಪುತ್ತೂರಿನ ವೈಂಡಿಂಗ್ ಅಂಗಡಿಯ ಪೋಕರ್. ಹತ್ತು ಸೆಕೆಂಡಿಗಿಂತ ಹೆಚ್ಚು ಓಡಿಸಿದರೆ ಮೋಟರು ಬಿಸಿಯಾಗುತ್ತದೆ. ಹತ್ತೇ ಸಾಕು.

ತೇಗದ ಹಲಗೆಗೆ ಗರಗಸ ಇಡುವ ಮೊದಲು ಔತ ಮತ್ತೆ ಮತ್ತೆ ಅಳೆದು ನೋಡಿದರಂತೆ. ತೂತು ಮೇಲಾದರೆ ಫ್ಯಾನು ಗಾಳಿ ಕುಡಿಯುತ್ತದೆ, ಕೆಳಗಾದರೆ ಅಡಿಮರಕ್ಕೆ ಪೆಟ್ಟು. ಭಾರ ಹಾಕದ ಬೋಟಿನಲ್ಲೂ ನೀರಿನಿಂದ ಒಂದು ಗೇಣು ಕೆಳಗೆ ಇರುವಂತೆ ಗುರುತು ಹಾಕಿ, ಒಂಬತ್ತಿಂಚಿನ ಕಬ್ಬಿಣದ ಪೈಪು ತೂರಿಸಿದರು. ಸಂದಿಗೆ ಮನೆಯ ರಬ್ಬರ್ ಶೀಟನ್ನೇ ಕತ್ತರಿಸಿ ಹಾಕಿದರು. ಎರಡು ಬಾಯಿಗೂ ಕಸ ತಡೆಯುವ ಸರಳು.

"ಊಟಕ್ಕೆ ಕೂತವರು ನಡುವೆ ಎದ್ದು ಹೋಗ್ತಾರೆ" ಎಂದು ಹೆಂಡತಿ ಲಿಸ್ಸಿಯ ದೂರು. "ಬಕೆಟಿನ ನೀರಲ್ಲಿ ಕೈ ಅಡ್ಡ ಹಿಡಿದು ನೋಡ್ತಾರೆ. ಮೀನು ಸಾರು ತಣ್ಣಗಾಗ್ತದೆ, ಇವರದ್ದು ತಲೆ ತಣ್ಣಗಾಗುದಿಲ್ಲ."

ಹತ್ತು ಗಂಟೆಗೆ ಪಂಚಾಯತಿನವರು ಬಂದು ಕೊಡೆ ಹಿಡಿದು ನಿಲ್ಲುತ್ತಾರೆ. ಹದಿನಾಲ್ಕು ಜನರ ಬದಲಿಗೆ ಹದಿನಾಲ್ಕು ಮರಳಿನ ಮೂಟೆ. ಮೊದಲ ಸಲ ಬೋಟು ನೆಟ್ಟಗೆ ನಿಲ್ಲುತ್ತದೆ. ಎರಡನೆಯ ಸಲವೂ. ಮೂರನೆಯ ಸಲ ಮೂತಿ ಬಂಡೆಯತ್ತ ವಾಲುತ್ತದೆ, ಔತ ಗುಂಡಿ ಒತ್ತುತ್ತಾರೆ. ಏಳು ಸೆಕೆಂಡು. ಬಂಡೆಗೂ ಬೋಟಿಗೂ ನಡುವೆ ಎರಡು ಮೊಳ ನೀರು ಉಳಿಯುತ್ತದೆ. ಪಂಚಾಯತಿನವರು ರುಜು ಹಾಕಿ ಹೋಗುತ್ತಾರೆ. ಔತ ನಗುವುದಿಲ್ಲ. ಮೋಟರು ಮುಟ್ಟಿ ಬಿಸಿ ನೋಡುತ್ತಾರೆ, ನಟ್ಟು ತಿರುಗಿಸುತ್ತಾರೆ, ಮತ್ತೆ ಮತ್ತೆ ಆಚೆ ದಡ ನೋಡುತ್ತಾರೆ.

ಮಧ್ಯಾಹ್ನ ಆಚೆ ದಡದ ಮೆಟ್ಟಿಲಲ್ಲಿ ಲೋಲಾಕ್ಷಿ ನಿಂತಿದ್ದಾರೆ. ಸುದ್ದಿ ಮುಟ್ಟಿದೆ. ಅವರನ್ನು ಕರೆತರಲು ಕಿಟ್ಟಣ್ಣ ಹೊರಟರೆ ಔತ ತಡೆದು ತಾವೇ ಹೋಗುತ್ತಾರೆ, ನಾನೂ ಹತ್ತಿಕೊಳ್ಳುತ್ತೇನೆ. ಲೋಲಾಕ್ಷಿ ಬೀಡಿಯ ಕಟ್ಟನ್ನು ಮೊದಲು ಇಟ್ಟು, ಎರಡು ಕೈಯಲ್ಲೂ ಅಂಚು ಹಿಡಿದು ಹತ್ತುತ್ತಾರೆ. ನಡುವಿನ ಹಲಗೆಯಲ್ಲಿ ಕುಳಿತು ಕಣ್ಣು ಮುಚ್ಚುತ್ತಾರೆ. ಬೋಟು ಈಚೆ ದಡ ಸಮೀಪಿಸುತ್ತದೆ. ಬಂಡೆ ಬರುತ್ತದೆ, ಫ್ಯಾನು ಗುರ್ರೆನ್ನುತ್ತದೆ, ಬೋಟು ನಿಲ್ಲುತ್ತದೆ.

"ಹೆದರಿಕೆ ಆಯ್ತಾ ಲೋಲಾಕ್ಷಕ್ಕ?" ಔತರ ದನಿ ಕೇಳಿಸುವುದೇ ಕಷ್ಟ.

"ಆಯ್ತು ಔತಣ್ಣ. ಶುಕ್ರವಾರ ಬೀಡಿ ತರುವಾಗ್ಲೂ ಆಗ್ತದೆ. ಆದ್ರೂ ಬರ್ತೇನೆ."

ಅವರು ಕುಂಟುತ್ತಾ ಮೆಟ್ಟಿಲು ಹತ್ತಿ ಮರೆಯಾದ ಮೇಲೂ ಔತ ಆ ಕಡೆಯೇ ನೋಡುತ್ತಾರೆ. ಇನ್ನೇನು ಆಸೆ ನಿಮಗೆ ಎಂದು ಕೇಳುತ್ತೇನೆ.

"ಬರ್ತೇನೆ ಅಂದ್ರು" ಎನ್ನುತ್ತಾರೆ. "ನೀವೂ ಕೇಳಿದ್ರಲ್ಲ?"