ಸಾವಿರ ಬೈಠಕ್‌ಗೆ ನಲವತ್ತು ಕಡಿಮೆ

ನಮ್ಮಪ್ಪ ದತ್ತಪ್ಪನಷ್ಟು ಅಂಜುಬುರುಕನಾದ ಇನ್ನೊಬ್ಬನನ್ನು ನಾನು ಕಂಡಿಲ್ಲ. ಸರಸಂಬಾದ ತಾಲೀಮು ಮನೆಯ ಬಾಗಿಲ ಹೊರಗೆ ನಿಂತು ಇಪ್ಪತ್ತು ವರ್ಷ ಚರ್ಮದ ಹಲಗೆ ಬಡಿದ. ಆ ಪೆಟ್ಟಿಗೆ ಸರಿಯಾಗಿ ಪೈಲ್ವಾನರು ಕೂತು ಎದ್ದು ಬೈಠಕ್ ಹೊಡೆಯಬೇಕು. ಹಲಗೆ ನಡೆಯುವ ತನಕ ಎದೆ ದಣಿಯುವುದಿಲ್ಲ ಎನ್ನುವುದು ಕುಸ್ತಿ ಕಲಿಸುವ ವಸ್ತಾದ ದೌಲತರಾಯನ ಮಾತು. ಊರೆಲ್ಲ ಅದನ್ನು ನಂಬಿತ್ತು. ಅಪ್ಪನೂ ನಂಬಿದ್ದ, ಬಾರಿಸಲು ಹೋಗಿದ್ದ ಗೊಬ್ಬೂರಿನಲ್ಲಿ ಜ್ವರದ ಮೈಯಲ್ಲಿ ಬೈಠಕ್ ಹೊಡೆದ ಪೈಲ್ವಾನನೊಬ್ಬ ಅಪ್ಪನ ಹಲಗೆಯ ಮುಂದೆಯೇ ಕುಸಿದು ಸಾಯುವ ತನಕ. ಆಮೇಲೆ ಕೋಲು ಹಿಡಿದರೆ ಅಪ್ಪನ ಕೈ ತಣ್ಣಗಾಗುತ್ತಿತ್ತು. ಮನೆಯವರನ್ನು ಬಿಟ್ಟು ಯಾರಿಗೂ ಹೇಳಲಿಲ್ಲ.

೧೯೭೮ರ ನಾಗರ ಪಂಚಮಿ. ತಾಲೀಮಿನ ಅಂಗಳದಲ್ಲಿ ನಮ್ಮಣ್ಣ ದೇವೀಂದ್ರಪ್ಪ ಚಡ್ಡಿ ಬಿಗಿದು ನಿಂತಿದ್ದ. ನಮ್ಮ ಕೇರಿಯವರು ಯಾರೂ ಒಳಗಿನ ಕೆಂಪು ಮಣ್ಣು ತುಳಿದಿರಲಿಲ್ಲ. ಬಿಡುವಿಲ್ಲದೆ ಸಾವಿರ ಬೈಠಕ್ ಹೊಡೆದರೆ ಸೇರಿಸಿಕೊಳ್ಳುತ್ತೇನೆ, ನಡುವೆ ಹಲಗೆ ನಿಂತರೆ ಎಲ್ಲ ಕೆಟ್ಟಂತೆ ಎಂದು ವಸ್ತಾದ ಕರಾರು ಹಾಕಿದ್ದ. ಏನು ದೊಡ್ಡ ಉಪಕಾರ!

ಇತ್ತ ಮನೆಯಲ್ಲಿ ಹಾಸಿಗೆ ಮಡಚುವಾಗ ಅವ್ವ ಮಲ್ಕಮ್ಮನ ಕೈಗೆ ಅಣ್ಣನ ಕೌದಿ ಬೆವರಿಗೆ ಒದ್ದೆಯಾಗಿ ಸಿಕ್ಕಿತು. ರಾತ್ರಿಯೆಲ್ಲ ಜ್ವರ ಬಂದದ್ದನ್ನು ಮುಚ್ಚಿಟ್ಟಿದ್ದ, ಕಳ್ಳ. ಅವ್ವ ನನ್ನನ್ನು ತಾಲೀಮಿಗೆ ಓಡಿಸಿದಳು. ನಾನು ಹೋಗುವಷ್ಟರಲ್ಲಿ ಅಪ್ಪನ ಹಲಗೆಗೆ ಎಣಿಕೆ ಏಳುನೂರು ದಾಟಿತ್ತು.

"ಅಪ್ಪಾ, ಅಣ್ಣಗ ರಾತ್ರಿ ಜ್ವರ ಬಂದಾವ. ನಿಂದರಸು!"

ಅಪ್ಪನ ಮುಖ ಬಿಳಿಚಿಕೊಂಡಿತು. ಕೈ ಮಾತ್ರ ನಿಲ್ಲಲಿಲ್ಲ. ಅಣ್ಣ ನನ್ನನ್ನು ಕಂಡು ಬೇಡವೆಂದು ತಲೆಯಾಡಿಸಿದ. ಅಪ್ಪ ಯಾರಿಗೂ ತಿಳಿಯದ ಹಾಗೆ ಪೆಟ್ಟನ್ನು ನಿಧಾನ ಮಾಡಿದ.

"ಏ ದತ್ತ್ಯಾ, ಕೈ ಸತ್ತದೇನ್ಲೇ? ಜೋರ್ ಬಡಿ!" ವಸ್ತಾದ ಗದರಿದ.

ಅಪ್ಪ ಅಂಜಿ ಜೋರು ಬಡಿದ. ಅಣ್ಣನ ಮಂಡಿಗಳೂ ಜೋರಾದವು. ಒಂಬೈನೂರು ದಾಟುವ ಹೊತ್ತಿಗೆ ಅಣ್ಣನ ಮೈಯ ಬೆವರು ಆರಿತ್ತು, ತುಟಿ ಕಪ್ಪಿಟ್ಟಿತ್ತು. ಗೊಬ್ಬೂರಿನವನಿಗೂ ಹೀಗೇ ಆಗಿತ್ತೆಂದು ಅಪ್ಪ ಎಷ್ಟೋ ಸಲ ಹೇಳಿದ್ದ.

ಒಂಬೈನೂರ ಅರವತ್ತಕ್ಕೆ ಅಪ್ಪ ಹಲಗೆಯನ್ನು ನೆಲಕ್ಕಿಟ್ಟ.

"ಬಾರ್ಸಪ್ಪಾ! ನಲವತ್ತೇ ಉಳದಾವ!" ಎಂದು ಚೀರಿದ ಅಣ್ಣ ಗೋಡೆ ಹಿಡಿಯಲು ಹೋಗಿ ಬಿದ್ದ.

"ನನ್ನ ಕೈಲೆ ಆಗಂಗಿಲ್ರೀ ವಸ್ತಾದ್ರ. ನನಗ ಅಂಜಿಕಿ ಬರ್ತದ," ಎಂದ ಅಪ್ಪ, ಅಷ್ಟು ಮಂದಿಯ ಮುಂದೆ. ಎಲ್ಲರೂ ನಕ್ಕರು. ಕೇರಿಯವರ ದಮ್ಮು ಇಷ್ಟೇ ಎಂದು ದೌಲತರಾಯ ಬಾಗಿಲು ಹಾಕಿಸಿದ. ಅವನ ಬಾಯಿಗೆ ಮಣ್ಣು ಹಾಕ!

ಅಣ್ಣ ಎಂಟು ದಿನಕ್ಕೆ ಎದ್ದ. ಎದ್ದವನು ಅಪ್ಪನ ಜೊತೆ ಮಾತು ಬಿಟ್ಟ. ಒಂದೇ ಮನೆಯಲ್ಲಿದ್ದು ಹದಿನಾಲ್ಕು ವರ್ಷ. ತನ್ನ ಲಗ್ನದ ದಿನವೂ ಅಪ್ಪನ ಕಾಲಿಗೆ ಬೀಳಲಿಲ್ಲ. ಕೊನೆಗೊಂದು ದಿನ ನನಗೇ ತಡೆಯಲಾಗಲಿಲ್ಲ.

"ಅಪ್ಪಾ, ಅಂವಾ ಹಿಂಗ ಸಿಟ್ಟು ಸಾಧಸ್ತಾನಲ್ಲ, ನಿನಗೇನೂ ಅನಸಂಗಿಲ್ಲೇನು?"

ಒಳಗೆ ಅಣ್ಣ ಕೆಮ್ಮಿದ. ಅದು ನಿಲ್ಲುವ ತನಕ ಅಪ್ಪ ಉಸಿರು ಹಿಡಿದು ಕೇಳಿಸಿಕೊಂಡ.

"ಸಿಟ್ಟು ಮಾಡಾಕರೆ ಅಂವಾ ಇದ್ದಾನಲ್ಲವ್ವಾ," ಎಂದ.